ಸೇವಾದಾರರ ಗೇಟ್‌ವೇ ಹಿಂದೆ ಸ್ವಂತ ರೂಟರ್ ಇದ್ದಾಗ ಲೂಪ್‌ಬ್ಯಾಕ್ ಸಂಪರ್ಕ ಪಡೆಯುವ ಬಗೆ

ಮನೆಯ ಸರ್ವರ್‌ನಲ್ಲಿರುವ ಕಡತಗಳು ಹೊರಗಿನಿಂದ, ಮೊಬೈಲ್ ಡೇಟಾದ ಮೂಲಕ, ಸರಾಗವಾಗಿ ತೆರೆದುಕೊಳ್ಳುತ್ತವೆ. ಅದೇ ಫೋನ್ ಮನೆಯ ವೈಫೈಗೆ ಸೇರಿದ ಕೂಡಲೇ ಅದೇ ವಿಳಾಸ ತೆರೆಯದೆ, ಬಹಳ ಹೊತ್ತು ಕಾದ ಮೇಲೆ ಸಂಪರ್ಕ ಸಿಗಲಿಲ್ಲವೆಂಬ ಸಂದೇಶ ಬರುತ್ತದೆ. ಇದು ಸರ್ವರ್‌ನ ದೋಷವಲ್ಲ. ಒಳಗಿನ ಸಾಧನವು ತನ್ನದೇ ಸಂಪರ್ಕದ ಸಾರ್ವಜನಿಕ ವಿಳಾಸವನ್ನು ಕೇಳಿದಾಗ ಆ ಪ್ಯಾಕೆಟ್ಟನ್ನು ಹೊರಗೆ ಬಿಡದೆ ಒಳಕ್ಕೇ ತಿರುಗಿಸುವ ಕೆಲಸವನ್ನು ಯಾವುದಾದರೂ ಒಂದು ರೂಟರ್ ಮಾಡಬೇಕು. ಪ್ಯಾಕೆಟ್‌ಗಳ ವಿಳಾಸ ಬದಲಾಯಿಸಿ ಇಡೀ ಒಳಜಾಲವನ್ನು ಒಂದು ಸಾರ್ವಜನಿಕ ವಿಳಾಸದ ಹಿಂದೆ ಇಡುವ ವಿಧಾನವೇ ನ್ಯಾಟ್; ಹೀಗೆ ಒಳಕ್ಕೇ ತಿರುಗಿಸುವುದನ್ನು ನ್ಯಾಟ್ ಲೂಪ್‌ಬ್ಯಾಕ್ ಅಥವಾ ಹೇರ್‌ಪಿನ್ ನ್ಯಾಟ್ ಎನ್ನುತ್ತಾರೆ. ಅಂತರ್ಜಾಲದ ಮಾನದಂಡಗಳನ್ನು ಹೇಳುವ ದಾಖಲೆಗಳಾದ 2007ರ ಆರ್‌ಎಫ್‌ಸಿ 4787 ಯುಡಿಪಿಗೆ, 2008ರ ಆರ್‌ಎಫ್‌ಸಿ 5382 ಟಿಸಿಪಿಗೆ (ಇವು ದತ್ತಾಂಶ ಸಾಗಿಸುವ ಎರಡು ವಿಧಾನಗಳು) ಇದನ್ನು ಕಡ್ಡಾಯವೆಂದು ಹೇಳಿವೆ. ಆದರೂ ಅಂತರ್ಜಾಲ ಸೇವಾದಾರರು ಕೊಡುವ ಹಲವು ಗೇಟ್‌ವೇಗಳಲ್ಲಿ (ಮನೆಯನ್ನು ಅವರ ಜಾಲಕ್ಕೆ ಜೋಡಿಸುವ ಪೆಟ್ಟಿಗೆಗಳಲ್ಲಿ) ಈ ಸೌಲಭ್ಯ ಇರುವುದಿಲ್ಲ, ಇಲ್ಲವೇ ಅದನ್ನು ಬದಲಾಯಿಸುವ ಅಧಿಕಾರ ನಮಗಿರುವುದಿಲ್ಲ.

ಎಲ್ಲಕ್ಕಿಂತ ಮೊದಲು, ತಿರುಗಿಸುವ ಹೊಣೆ ಯಾವ ಪೆಟ್ಟಿಗೆಯದು ಎಂಬುದನ್ನು ಕಂಡುಕೊಳ್ಳಬೇಕು. ನಿಮ್ಮ ರೂಟರ್‌ನ ಸ್ಥಿತಿ ಪುಟದಲ್ಲಿ ವ್ಯಾನ್ ವಿಳಾಸವನ್ನು (ರೂಟರ್‌ನ ಹೊರಬದಿಯ ವಿಳಾಸವನ್ನು) ನೋಡಿ, ಅಂತರ್ಜಾಲಕ್ಕೆ ಕಾಣುವ ನಿಮ್ಮ ವಿಳಾಸದೊಂದಿಗೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಹೊಣೆ ನಿಮ್ಮ ರೂಟರ್‌ನದು. ವ್ಯಾನ್ ವಿಳಾಸ 10, 192.168 ಅಥವಾ 172.16ರಿಂದ 172.31ರವರೆಗಿನ ಖಾಸಗಿ ವಿಳಾಸವಾಗಿದ್ದರೆ ಸಾಮಾನ್ಯವಾಗಿ ಗೇಟ್‌ವೇಯೂ ನ್ಯಾಟ್ ಮಾಡುತ್ತಿದೆ ಎಂದರ್ಥ; ಇದು ಜೋಡಿ ನ್ಯಾಟ್. ಗೇಟ್‌ವೇಯ ವ್ಯಾನ್ ವಿಳಾಸವೇ 100.64ರಿಂದ 100.127ರ ನಡುವೆ ಇದ್ದರೆ ಸೇವಾದಾರರು ತಮ್ಮ ಜಾಲದೊಳಗೆ ಇನ್ನೊಂದು ನ್ಯಾಟ್ ನಡೆಸುತ್ತಿದ್ದಾರೆ. ಆಗ ಐಪಿವಿ4ನಲ್ಲಿ (ಇಲ್ಲಿ ಹೇಳುತ್ತಿರುವ ನಾಲ್ಕು ಸಂಖ್ಯೆಗಳ ವಿಳಾಸ ಪದ್ಧತಿಯಲ್ಲಿ) ಹೊರಗಿನಿಂದ ಬರುವ ಸಂಪರ್ಕವೇ ಮನೆಯನ್ನು ತಲುಪುವುದಿಲ್ಲವಾದ್ದರಿಂದ, ಮೊದಲು ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು. ಹಾಗೆಯೇ ಮೊಬೈಲ್ ಡೇಟಾದಿಂದ ಪರೀಕ್ಷಿಸಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಂದು ಪೋರ್ಟ್ ಸಂಖ್ಯೆಗೆ ಬಂದದ್ದನ್ನು ಒಳಗಿನ ಸರ್ವರ್‌ಗೆ ದಾಟಿಸುವ ನಿಯಮ) ಕೆಲಸ ಮಾಡುತ್ತಿದೆಯೆಂದು ಖಚಿತಪಡಿಸಿಕೊಳ್ಳದೆ ಲೂಪ್‌ಬ್ಯಾಕ್ ವಿಚಾರಕ್ಕೆ ಕೈಹಾಕಬೇಡಿ.

ಜೋಡಿ ನ್ಯಾಟ್‌ನಲ್ಲಿ ನಡೆಯುವುದನ್ನು ಒಂದು ಉದಾಹರಣೆಯಿಂದ ನೋಡೋಣ. ಸಾರ್ವಜನಿಕ ವಿಳಾಸ 203.0.113.25, ಗೇಟ್‌ವೇಯ ಒಳವಿಳಾಸ 192.168.1.1, ನಿಮ್ಮ ರೂಟರ್‌ನ ವ್ಯಾನ್ ವಿಳಾಸ 192.168.1.2, ಸರ್ವರ್ 192.168.50.10, ಫೋನ್ 192.168.50.20 ಎಂದಿರಲಿ. ಫೋನ್ 203.0.113.25ರ 443ನೇ ಪೋರ್ಟನ್ನು ಕೇಳುತ್ತದೆ. ನಿಮ್ಮ ರೂಟರ್‌ಗೆ ಅದು ತನ್ನ ವಿಳಾಸವೆಂದು ಗೊತ್ತಿಲ್ಲ, ಆದ್ದರಿಂದ ಪ್ಯಾಕೆಟ್‌ನ ಮೂಲವಿಳಾಸವನ್ನು 192.168.1.2 ಎಂದು ಬದಲಾಯಿಸಿ ಗೇಟ್‌ವೇಗೆ ಕಳುಹಿಸುತ್ತದೆ. ಗೇಟ್‌ವೇ ತನ್ನ ಫಾರ್ವರ್ಡಿಂಗ್ ನಿಯಮದಂತೆ ಅದನ್ನು ಮತ್ತೆ 192.168.1.2ಕ್ಕೇ ತಿರುಗಿಸುತ್ತದೆ. ಅದು ಗುರಿಯನ್ನು ಮಾತ್ರ ಬದಲಾಯಿಸಿ ಮೂಲವನ್ನು ಹಾಗೆಯೇ ಬಿಟ್ಟರೆ, ರೂಟರ್‌ಗೆ ತನ್ನದೇ ವಿಳಾಸದಿಂದ ತನಗೇ ಬಂದ ಪ್ಯಾಕೆಟ್ ಹೊರಗಿನ ಕಡೆಯಿಂದ ಕಾಣಿಸಿಕೊಳ್ಳುತ್ತದೆ. ಲಿನಕ್ಸ್ ಆಧಾರಿತ ರೂಟರ್‌ಗಳು ಅಂಥದ್ದನ್ನು ನಕಲಿಯೆಂದು ಬಗೆದು ಸದ್ದಿಲ್ಲದೆ ಎಸೆದುಬಿಡುತ್ತವೆ. ಗೇಟ್‌ವೇ ಮೂಲವಿಳಾಸವನ್ನೂ ತನ್ನದಕ್ಕೆ ಬದಲಾಯಿಸಿದರೆ ಮಾತ್ರ ಸಂಪರ್ಕ ಕೂಡುತ್ತದೆ. ಸ್ವಂತ ರೂಟರ್‌ನಲ್ಲಿ ಲೂಪ್‌ಬ್ಯಾಕ್ ಆಯ್ಕೆಯನ್ನು ಎಷ್ಟು ಸಲ ಒತ್ತಿದರೂ ಫಲ ಸಿಗದಿರುವುದಕ್ಕೆ ಕಾರಣ ಇದೇ: ಆ ಆಯ್ಕೆ ರೂಟರ್‌ನ ವ್ಯಾನ್ ವಿಳಾಸವನ್ನು ಮಾತ್ರ ಗುರುತಿಸುತ್ತದೆ, ನೀವು ಕೇಳುತ್ತಿರುವುದಾದರೋ ಗೇಟ್‌ವೇಯ ವಿಳಾಸವನ್ನು.

ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಗೇಟ್‌ವೇಯನ್ನು ಬ್ರಿಡ್ಜ್ ಮೋಡ್‌ಗೆ ಹಾಕುವುದೇ ನನ್ನ ಮೊದಲ ಸಲಹೆ. ಆಗ ಗೇಟ್‌ವೇ ಕೇವಲ ಮೋಡೆಮ್‌ನಂತೆ ವರ್ತಿಸಿ, ಸಾರ್ವಜನಿಕ ವಿಳಾಸ ನೇರವಾಗಿ ನಿಮ್ಮ ರೂಟರ್‌ಗೆ ಬರುತ್ತದೆ. ಸಂಪರ್ಕ ಪಿಪಿಪಿಒಇ (ಲಾಗಿನ್ ಮಾಡಿ ಸೇವಾದಾರರ ಜಾಲಕ್ಕೆ ಸೇರುವ ವಿಧಾನ) ಮೂಲಕ ಇದ್ದರೆ ಅದರ ಬಳಕೆದಾರ ಹೆಸರು, ಗುಪ್ತಪದ ಮತ್ತು ಅಗತ್ಯವಿದ್ದರೆ ವಿಲ್ಯಾನ್ (ಜಾಲದ ಒಳವಿಭಾಗ) ಸಂಖ್ಯೆಯನ್ನು ಸೇವಾದಾರರಿಂದ ಮೊದಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ಮೋಡ್ ಬದಲಾದ ಮೇಲೆ ಅವನ್ನು ಕೇಳಲು ಅಂತರ್ಜಾಲವೇ ಇರುವುದಿಲ್ಲ. ಗೇಟ್‌ವೇಗೇ ದೂರವಾಣಿ ಅಥವಾ ಟಿವಿ ಸೇವೆ ಜೋಡಣೆಯಾಗಿದ್ದರೆ ಅವು ಬ್ರಿಡ್ಜ್ ಮೋಡ್‌ನಲ್ಲಿ ಉಳಿಯುತ್ತವೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿ. ಕೆಲವು ಗೇಟ್‌ವೇಗಳಲ್ಲಿ ಇದರ ಬದಲು ಐಪಿ ಪಾಸ್‌ಥ್ರೂ ಎಂಬ ಆಯ್ಕೆಯಿರುತ್ತದೆ. ಅದೂ ಸಾರ್ವಜನಿಕ ವಿಳಾಸವನ್ನು ನಿಮ್ಮ ರೂಟರ್‌ಗೇ ಕೊಡುವುದರಿಂದ ಸಾಕಾಗುತ್ತದೆ. ಡಿಎಂಜೆಡ್ ಆಯ್ಕೆ ಮಾತ್ರ ಬೇರೆ. ಅದು ಹೊರಗಿನಿಂದ ಬಂದ ಎಲ್ಲವನ್ನೂ ನಿಮ್ಮ ರೂಟರ್‌ಗೆ ದಾಟಿಸುತ್ತದೆ, ಜೋಡಿ ನ್ಯಾಟ್ ಹಾಗೆಯೇ ಉಳಿಯುತ್ತದೆ.

ಸಾರ್ವಜನಿಕ ವಿಳಾಸ ನಿಮ್ಮ ರೂಟರ್‌ಗೆ ಬಂದ ಮೇಲೆ ಲೂಪ್‌ಬ್ಯಾಕ್ ಚಾಲೂ ಮಾಡುವುದು ಸುಲಭ. ರೂಟರ್ ತಂತ್ರಾಂಶವಾದ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಪೋರ್ಟ್ ಫಾರ್ವರ್ಡ್ ನಿಯಮದ ಜೊತೆಗೇ ಅದು ಮೊದಲಿನಿಂದ ಚಾಲೂ ಇರುತ್ತದೆ. ಫೈರ್‌ವಾಲ್ ತಂತ್ರಾಂಶವಾದ ಪಿಎಫ್‌ಸೆನ್ಸ್‌ನಲ್ಲಿ ನ್ಯಾಟ್ ರಿಫ್ಲೆಕ್ಷನ್ (ಲೂಪ್‌ಬ್ಯಾಕ್‌ಗೆ ಅಲ್ಲಿರುವ ಹೆಸರು) ಅನ್ನು ಪ್ಯೂರ್ ನ್ಯಾಟ್‌ಗೆ ಇಟ್ಟು, ರಿಫ್ಲೆಕ್ಷನ್‌ಗಾಗಿ ಇರುವ ಸ್ವಯಂಚಾಲಿತ ಔಟ್‌ಬೌಂಡ್ ನ್ಯಾಟ್ ಅನ್ನೂ ಆಯ್ದುಕೊಳ್ಳಬೇಕು. ಮೈಕ್ರೋಟಿಕ್ ರೂಟರ್‌ಗಳಲ್ಲಿ ಒಳಜಾಲದಿಂದ ಒಳಜಾಲಕ್ಕೇ ಹೋಗುವ ದಟ್ಟಣೆಗೆ ಮಾಸ್ಕರೇಡ್ ನಿಯಮವನ್ನು (ಮೂಲವಿಳಾಸವನ್ನು ರೂಟರ್‌ನ ವಿಳಾಸಕ್ಕೆ ಬದಲಾಯಿಸುವ ನಿಯಮವನ್ನು) ಕೈಯಾರೆ ಸೇರಿಸಬೇಕು. ಫಾರ್ವರ್ಡ್ ನಿಯಮದ ಜೊತೆಗೆ ಬೇಕಾದ ಈ ಎರಡನೆಯ ನಿಯಮವನ್ನು ಅನೇಕರು ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಸರ್ವರ್‌ಗೆ ಕೇಳಿದವರು 192.168.50.20 ಎಂದೇ ಕಾಣುತ್ತದೆ, ಒಂದೇ ಜಾಲವಾದ್ದರಿಂದ ಅದು ರೂಟರನ್ನು ಬಳಸದೆ ಫೋನ್‌ಗೆ ನೇರವಾಗಿ ಉತ್ತರಿಸುತ್ತದೆ, 203.0.113.25ರಿಂದ ಉತ್ತರ ಕಾಯುತ್ತಿರುವ ಫೋನ್ ಅದನ್ನು ಒಪ್ಪುವುದಿಲ್ಲ.

ಗೇಟ್‌ವೇ ಬ್ರಿಡ್ಜ್ ಆಗಲು ಬಿಡದಿದ್ದರೆ, ಒಳಗಿನ ಡಿಎನ್‌ಎಸ್‌ನಿಂದಲೇ (ಹೆಸರು ಕೊಟ್ಟರೆ ವಿಳಾಸ ತಿಳಿಸುವ ಸೇವೆಯಿಂದಲೇ) ಬೇರೆ ಉತ್ತರ ಕೊಡಿಸುವುದು ನನ್ನ ಆಯ್ಕೆ. ಹೊರಗಿನ ಲೋಕಕ್ಕೆ ನಿಮ್ಮ ಡೊಮೇನ್ ಹೆಸರು 203.0.113.25 ಎಂದೇ ಕಾಣಲಿ. ಮನೆಯ ರೂಟರ್‌ನ ಡಿಎನ್‌ಎಸ್ ಮಾತ್ರ ಅದೇ ಹೆಸರಿಗೆ 192.168.50.10 ಎಂದು ಹೇಳಲಿ. ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಬಳಸುವ ರೂಟರ್‌ಗಳಲ್ಲಿ ಇದು ಒಂದೇ ಸಾಲಿನ ಕೆಲಸ. ಪ್ಯಾಕೆಟ್ ಗೇಟ್‌ವೇಯವರೆಗೆ ಹೋಗುವುದೇ ಇಲ್ಲ, ಸಾರ್ವಜನಿಕ ವಿಳಾಸ ಬದಲಾದರೂ ತೊಂದರೆಯಿಲ್ಲ, ಹೆಸರು ಅದೇ ಆದ್ದರಿಂದ ಸರ್ವರ್‌ನ ಗುರುತನ್ನು ಸಾಬೀತುಪಡಿಸುವ ಟಿಎಲ್‌ಎಸ್ ಪ್ರಮಾಣಪತ್ರವೂ ಸರಿಹೊಂದುತ್ತದೆ. ಆದರೆ ಡಿಎನ್‌ಎಸ್ ಪೋರ್ಟ್ ಸಂಖ್ಯೆಯನ್ನು ಬದಲಾಯಿಸಲಾರದು: ಹೊರಗೆ 8443, ಒಳಗೆ 443 ಎಂದಿಟ್ಟಿದ್ದರೆ ಎರಡನ್ನೂ ಒಂದೇ ಮಾಡಿಕೊಳ್ಳಬೇಕು. ಬ್ರೌಸರ್‌ನ ಸುರಕ್ಷಿತ ಡಿಎನ್‌ಎಸ್ ಅಥವಾ ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್‌ಗೆ ಹೊರಗಿನ ಸೇವೆಯೊಂದರ ಹೆಸರನ್ನು ಕೊಟ್ಟಿದ್ದರೆ ಪ್ರಶ್ನೆ ನಿಮ್ಮ ರೂಟರ್‌ಗೆ ಬಾರದೆ ನೇರವಾಗಿ ಹೊರಗೆ ಹೋಗುತ್ತದೆ. ಒಂದು ಫೋನ್‌ನಲ್ಲಿ ಮಾತ್ರ ತೆರೆಯುವುದಿಲ್ಲ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ. ಆ ಹೆಸರಿಗೆ ಹೊರಗೆ ಐಪಿವಿ6 (ಹೊಸ, ಉದ್ದನೆಯ ವಿಳಾಸ ಪದ್ಧತಿ) ದಾಖಲೆಯೂ ಇದ್ದರೆ ಕೆಲವು ಸಾಧನಗಳು ಅದನ್ನೇ ಹಿಡಿಯುತ್ತವೆ. ಐಪಿವಿ6ನಲ್ಲಿ ಸಾಮಾನ್ಯವಾಗಿ ನ್ಯಾಟ್ ಇರುವುದಿಲ್ಲವಾದ್ದರಿಂದ ತಿರುಗಿಸುವ ಪ್ರಶ್ನೆಯೂ ಇಲ್ಲ. ಫೈರ್‌ವಾಲ್ ಅನುಮತಿ ಮತ್ತು ಸರ್ವರ್ ಆ ವಿಳಾಸದಲ್ಲಿ ಆಲಿಸುತ್ತಿರುವುದು, ಇವೆರಡೂ ಸರಿಯಿದ್ದರೆ ಸಾಕು.

ಹೆಸರಿನ ಬದಲು ವಿಳಾಸವನ್ನೇ ನೇರವಾಗಿ ಬಳಸುವ ಆ್ಯಪ್‌ಗಳಿಗೆ ಡಿಎನ್‌ಎಸ್ ಉಪಾಯ ನಡೆಯುವುದಿಲ್ಲ. ಅಲ್ಲಿ ನಿಮ್ಮ ರೂಟರ್‌ನಲ್ಲೇ ಹೆಚ್ಚುವರಿ ನಿಯಮ ಬರೆಯಬೇಕು: ಒಳಜಾಲದಿಂದ 203.0.113.25ರ 443ಕ್ಕೆ ಹೋಗುವುದೆಲ್ಲ 192.168.50.10ಕ್ಕೆ ತಿರುಗಲಿ, ಜೊತೆಗೆ ಮೇಲೆ ಹೇಳಿದ ಮಾಸ್ಕರೇಡ್ ಇರಲಿ. ಹಳೆಯ ಫಾರ್ವರ್ಡ್ ನಿಯಮವನ್ನು ತಿದ್ದಬೇಡಿ. ಗೇಟ್‌ವೇಯಿಂದ ಬರುವ ಪ್ಯಾಕೆಟ್‌ಗಳ ಗುರಿ 192.168.1.2 ಆಗಿರುವುದರಿಂದ, ಅದರಲ್ಲಿ ಸಾರ್ವಜನಿಕ ವಿಳಾಸ ತುಂಬಿದರೆ ಹೊರಗಿನ ಸಂಪರ್ಕವೂ ನಿಲ್ಲುತ್ತದೆ. ಸಾರ್ವಜನಿಕ ವಿಳಾಸ ಸ್ಥಿರವಾಗಿಲ್ಲದಿದ್ದರೆ ಅದು ಬದಲಾದಾಗಲೆಲ್ಲ ಈ ನಿಯಮವನ್ನು ತಿದ್ದಬೇಕಾಗುತ್ತದೆ, ಆದ್ದರಿಂದಲೇ ಇದನ್ನು ಕೊನೆಯ ದಾರಿಯಾಗಿ ಇಟ್ಟಿದ್ದೇನೆ. ಮಾಸ್ಕರೇಡ್ ಇದ್ದಲ್ಲಿ ಸರ್ವರ್‌ನ ಲಾಗ್‌ನಲ್ಲಿ ಒಳಗಿನ ಎಲ್ಲ ಸಂಪರ್ಕಗಳೂ ರೂಟರ್‌ನ ವಿಳಾಸದಿಂದ ಬಂದಂತೆ ಕಾಣುತ್ತವೆ. ತಪ್ಪು ಗುಪ್ತಪದಕ್ಕೆ ವಿಳಾಸವನ್ನು ತಡೆಹಿಡಿಯುವ ತಂತ್ರಾಂಶವಿದ್ದರೆ, ಒಬ್ಬರ ತಪ್ಪಿಗೆ ಮನೆಯವರೆಲ್ಲ ಹೊರಗುಳಿಯದಂತೆ ರೂಟರ್‌ನ ವಿಳಾಸಕ್ಕೆ ವಿನಾಯಿತಿ ಕೊಡಿ.

ಎಲ್ಲ ಮುಗಿದ ಮೇಲೆ ವೈಫೈನಿಂದ ಒಮ್ಮೆ, ಮೊಬೈಲ್ ಡೇಟಾದಿಂದ ಒಮ್ಮೆ ತೆರೆದು ನೋಡಿ. ಬಳಿಕ ಗೇಟ್‌ವೇಯನ್ನು ಆರಿಸಿ ಹಚ್ಚಿ ಮತ್ತೆ ಪರೀಕ್ಷಿಸಿ. ಮುಂದೆ ಎಂದಾದರೂ ಒಳಗಿನ ಸಂಪರ್ಕ ಇದ್ದಕ್ಕಿದ್ದಂತೆ ನಿಂತರೆ ರೂಟರ್‌ನ ವ್ಯಾನ್ ವಿಳಾಸವನ್ನು ಮೊದಲು ನೋಡಿ: ಅದು 192.168ಕ್ಕೆ ಮರಳಿದ್ದರೆ, ಗೇಟ್‌ವೇ ಬ್ರಿಡ್ಜ್ ಮೋಡ್‌ನಿಂದ ಹೊರಬಂದಿರುವ ಸಾಧ್ಯತೆಯೇ ಹೆಚ್ಚು.