ಮಾವ ಕೊಯ್ದ ಮರ್ಕ್ಯುರಿ: ಹಳೇ ಪ್ಲಾಸ್ಟಿಕ್ ಕಾರ್ ಕಿಟ್ ರಿಪೇರಿ ಮಾಡೋದು ಹೇಗೆ?

ಅಟ್ಟದ ಮೇಲಿರೋ ಹಳೇ ಟ್ರಂಕಲ್ಲೋ ಶೂ ಡಬ್ಬೀಲೋ ನಿಮ್ಮನೇಲೂ ಇಂಥದ್ದೊಂದು ಕಾರು ಇರಬಹುದು, ಬಂಪರ್ ಮುರಿದು, ಗಾಜು ಮಬ್ಬಾಗಿ, ಬಣ್ಣ ಬಿರುಕು ಬಿಟ್ಟು. ದಯವಿಟ್ಟು ಬಿಸಾಕಬೇಡ್ರಿ. ನನಗೆ ಸಿಕ್ಕಿದ್ದು ನಮ್ಮ ಸೋದರಮಾವಂದು, ಹೋದ ವರ್ಷ ದೀಪಾವಳಿಗೆ ದಾವಣಗೆರೆ ಮನೆ ಅಟ್ಟ ಕ್ಲೀನ್ ಮಾಡುವಾಗ. 1949ರ ಮರ್ಕ್ಯುರಿ ಅನ್ನೋ ಅಮೆರಿಕನ್ ಕಾರಿನ ಕಿಟ್, ಅಂದ್ರೆ ಪ್ಲಾಸ್ಟಿಕ್ ಬಿಡಿಭಾಗ ಅಂಟಿಸಿ ನಾವೇ ಕಟ್ಟೋ ಪುಟ್ಟ ಮಾದರಿ ಕಾರು, ಎಎಂಟಿ ಕಂಪನಿದು, ಅಸಲಿ ಕಾರಿನ 25ರಲ್ಲಿ ಒಂದು ಭಾಗದ ಸೈಜು. ಎಎಂಟಿ ಅಮೆರಿಕದಲ್ಲಿ 1948ರಲ್ಲಿ ಶುರುವಾದ ಕಂಪನಿ, ಒಂದೇ ಡಬ್ಬೀಲಿ ಷೋರೂಮ್ ಥರ, ಕಸ್ಟಮ್ ಥರ (ಅಂದ್ರೆ ತಮ್ಮಿಷ್ಟಕ್ಕೆ ರೂಪ ಬದಲಾಯಿಸಿದ್ದು), ರೇಸ್ ಥರ ಅಂತ ಮೂರು ರೀತಿ ಕಟ್ಟೋಕೆ ಬರೋ ಕಿಟ್‌ಗಳನ್ನ 1958ರಿಂದ ಮಾಡ್ತು.

ನಮ್ಮ ಮಾವ ಹರಿಹರದಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು, ಅವರಿಗೆ ಡಬ್ಬೀಲಿದ್ದ ಮೂರು ರೀತೀನೂ ಸಾಲಲಿಲ್ಲ, ಹ್ಯಾಕ್ಸಾ ಬ್ಲೇಡ್ ತಗೊಂಡು ಕಾರಿನ ಟಾಪನ್ನೇ ಕೊಯ್ದು ಕೆಳಗಿಳಿಸಿ ಮತ್ತೆ ಕೂರಿಸಿದ್ರು. ಕ್ಯಾಲಿಫೋರ್ನಿಯಾದಲ್ಲಿ ಕಾರುಗಳನ್ನ ಕಸ್ಟಮ್ ಮಾಡಿಕೊಡ್ತಿದ್ದ ಬ್ಯಾರಿಸ್ ಅಣ್ಣತಮ್ಮಂದಿರು ಅಸಲಿ ಮರ್ಕ್ಯುರಿಗಳಿಗೆ 1950ರ ಆಸುಪಾಸು ಮಾಡ್ತಿದ್ದ ಕೆಲಸಾನೇ ಅದು.

ಅದಕ್ಕೇ ಮೊದಲ ಕೆಲಸ ಬ್ರಶ್ ಹಿಡಿಯೋದಲ್ಲ, ಕೂತು ನೋಡೋದು. ಯಾವುದು ಹಾಳಾಗಿರೋದು, ಯಾವುದು ಬೇಕಂತ್ಲೇ ಮಾಡಿರೋದು ಅಂತ ಬೇರೆ ಮಾಡ್ಕೋಬೇಕು. ಬಹಳ ಜನ ಕಸ್ಟಮ್ ಮಾಡಿದ ಹಳೇ ಕಿಟ್ ಸಿಕ್ಕಿದ್ರೆ ಕಂಪನಿ ಡಬ್ಬಿ ಮೇಲಿನ ಫೋಟೋ ಥರ ಮಾಡೋಕೆ ಹೊರಡ್ತಾರೆ, ನನ್ನ ಪ್ರಕಾರ ಅದು ತಪ್ಪು. ಡಬ್ಬಿ ಮೇಲಿನ ಕಾರು ಇವತ್ತೂ ದುಡ್ಡು ಕೊಟ್ರೆ ಸಿಗುತ್ತೆ, ಒಬ್ಬ ಮನುಷ್ಯ ರಾತ್ರಿ ಕೂತು ಕೊಯ್ದಿದ್ದು ಎಲ್ಲೂ ಸಿಗಲ್ಲ. ನಾಲ್ಕೂ ಕಡೆಯಿಂದ, ಅಡಿಯಿಂದ, ಒಳಗಿಂದ ಫೋಟೋ ತಗೊಳ್ರಿ, ಬಿಚ್ಚಿದ ಮೇಲೆ ನೆನಪು ಕೈ ಕೊಡುತ್ತೆ.

ಬಿಚ್ಚೋದು

ಅಂಟು ಹಾಕಿದ ಜಾಗ ಎಳೆದು ಕೀಳಬೇಡ್ರಿ. ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫ್ರೀಜರಲ್ಲಿ ಮೂರ್ನಾಲ್ಕು ಗಂಟೆ ಇಡ್ರಿ, ಹಳೇ ಅಂಟು ತಣ್ಣಗಾದ್ರೆ ಪೆಡಸಾಗುತ್ತೆ, ಆಮೇಲೆ ತೆಳ್ಳನೆ ಬ್ಲೇಡ್ ತುದಿ ಕೊಟ್ಟು ಮೆಲ್ಲಗೆ ತಿರುವಿದ್ರೆ ಟಕ್ ಅಂತ ಬಿಡುತ್ತೆ. ಬಿಡದೇ ಇದ್ರೆ ಇನ್ನೊಂದು ರಾತ್ರಿ ಇಡ್ರಿ. ಎಲ್ಲದನ್ನೂ ಬಿಚ್ಚಲೇಬೇಕು ಅಂತೇನಿಲ್ಲ, ನಾನು ಇಂಜಿನ್ನು ಮುಟ್ಟಲೇ ಇಲ್ಲ.

ಟೈರ್ ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಹಳೇ ಕಿಟ್‌ಗಳ ಟೈರ್ ಮೆತ್ತಗಿರಲಿ ಅಂತ ಅದರಲ್ಲಿ ಎಣ್ಣೆ ಥರದ್ದೊಂದು ಸೇರಿಸಿರ್ತಾರೆ, ಅದು ವರ್ಷಗಟ್ಟಲೆ ನಿಧಾನಕ್ಕೆ ಹೊರಗೆ ಬಂದು ಪ್ಲಾಸ್ಟಿಕ್ ವೀಲನ್ನ ಕರಗಿಸುತ್ತೆ. ನಮ್ಮ ಮರ್ಕ್ಯುರೀಲಿ ಎರಡು ವೀಲ್ ಹಿಂಗೇ ತಿಂದುಹೋಗಿದ್ವು. ತಿರುಗಿ ಟೈರ್ ಹಾಕುವಾಗ ವೀಲಿಗೆ ಒಂದು ಸುತ್ತು ಟೆಫ್ಲಾನ್ ಟೇಪ್ ಸುತ್ರಿ, ನಲ್ಲಿ ರಿಪೇರಿಗೆ ಹಾಕ್ತಾರಲ್ಲ ಅದೇ ಬಿಳೀ ಟೇಪು.

ಬಣ್ಣ ತೆಗೆಯೋದು

ಇಲ್ಲಿ ಅವಸರ ಮಾಡಿದ್ರೆ ಕಾರು ಹೋಯ್ತು ಅಂತಾನೇ ಲೆಕ್ಕ. ಥಿನ್ನರ್, ಅಸಿಟೋನ್, ಪೆಟ್ರೋಲ್ ಯಾವುದನ್ನೂ ಹತ್ತಿರ ತರಬೇಡ್ರಿ, ಈ ಕಿಟ್‌ಗಳು ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ಕಿಂದು, ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಕರಗುತ್ತೆ. ಹಿಂದೆ ಬೇರೊಂದು ಕಿಟ್‌ಗೆ, ಏನೂ ಆಗಲ್ಲ ಹಚ್ರಿ ಅಂತ ಅಂಗಡಿಯವರೊಬ್ಬರು ಹೇಳಿದ್ದನ್ನ ನಂಬಿ ಥಿನ್ನರ್ ಹಚ್ಚಿದ್ದೆ, ಅದರ ಬಾನೆಟ್ ಬೆಲ್ಲದ ಪಾಕದ ಥರ ಆಗಿದ್ದು ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಡೆಟಾಲ್ ಸಾಕು. ಗಾಯಕ್ಕೆ ಹಾಕೋ ಅದೇ ಕಂದು ಡೆಟಾಲು, ನೀರು ಬೆರೆಸದೇ. ಬಾಡಿ ಮುಳುಗೋಷ್ಟು ಡಬ್ಬೀಲಿ ಹಾಕಿ ಮುಚ್ಚಿಡ್ರಿ, ಗಾಜಿನ ಭಾಗ (ಕಿಟ್‌ನಲ್ಲಿ ಅದೂ ಪಾರದರ್ಶಕ ಪ್ಲಾಸ್ಟಿಕ್ಕೇ) ಮಾತ್ರ ಹಾಕಬೇಡ್ರಿ. ಮೊದಲು ಬೇಡದ ಒಂದು ಚೂರು ಪ್ಲಾಸ್ಟಿಕ್ ಹಾಕಿ ಪರೀಕ್ಷೆ ಮಾಡ್ಕೊಂಡು, ಆಮೇಲೆ ಆಗಾಗ ತೆಗೆದು ನೋಡ್ತಿರ್ರಿ, ಒಂದು ದಿನಕ್ಕೋ ಎರಡು ದಿನಕ್ಕೋ ಬಣ್ಣ ಸುಕ್ಕುಗಟ್ಟಿ ಏಳುತ್ತೆ. ಗ್ಲೌಸ್ ಹಾಕ್ಕೊಂಡು ಹಳೇ ಟೂತ್‌ಬ್ರಶ್ಶಲ್ಲಿ ಉಜ್ರಿ, ಆದ್ರೆ ಆ ಬ್ರಶ್ಶನ್ನ ಡೆಟಾಲಲ್ಲೇ ಅದ್ದಬೇಕು, ನೀರಲ್ಲಲ್ಲ. ನೀರು ತಗಲಿದ್ರೆ ಕಿತ್ತು ಬಂದ ಬಣ್ಣ ಅಂಟಂಟಾಗಿ ಗೆರೆ ಸಂದಿಯೊಳಗೆ ಕೂತುಬಿಡುತ್ತೆ. ಬಣ್ಣ ಪೂರ್ತಿ ಹೋದ ಮೇಲಷ್ಟೇ ಸೋಪು ನೀರು.

ಬಣ್ಣ ಹೋದ ಮೇಲೆ ನಮ್ಮ ಕಾರಿನ ಕಿಟಕಿ ಕಂಬದ ಮೇಲೆ ಸೂಜೀಲಿ ಗೀರಿದ ಎರಡು ಗೆರೆ ಕಾಣ್ತು, ಮಧ್ಯೆ ಕರೆಕ್ಟಾಗಿ 4 ಮಿ.ಮೀ. ಅದನ್ನ 25ರಿಂದ ಗುಣಿಸಿದ್ರೆ 10 ಸೆಂ.ಮೀ., ಅಂದ್ರೆ ಅಸಲಿ ಕಾರಲ್ಲಿ ನಾಲ್ಕಿಂಚು. ಮಾವಂಗೆ ತೋರಿಸಿದೆ, ಈಗ ಕೈ ನಡುಗುತ್ತೆ ಅವರಿಗೆ, ಬೆಳಕಿಗೆ ಹಿಡಿದು ನೋಡಿ "ನಾಲ್ಕಿಂಚೇ ಇಳಿಸಿದ್ದು ಅಳಿಯಾ, ಅದಕ್ಕಿಂತ ಇಳಿಸಿದ್ರೆ ಡ್ರೈವರ್ ತಲಿ ಎಲ್ಲಿಡಬೇಕು" ಅಂದ್ರು. ಆ ಗೆರೆಗಳನ್ನ ಕಿಟಕಿ ಒಳಮೈ ಕಡೆ ಹಂಗೇ ಬಿಟ್ಟಿದೀನಿ.

ಮುರಿದಿದ್ದು ಸೇರಿಸೋದು

ಕೊಯ್ದು ಕೂರಿಸಿದ ಟಾಪಿಗೆ ಕಂಬಗಳೇ ವೀಕು. ಬರೀ ಅಂಟು ಹಾಕಿದ್ರೆ ಮತ್ತೆ ಮುರಿಯುತ್ತೆ. ಎರಡೂ ತುದೀಲಿ ಕೈಡ್ರಿಲ್ಲಿಂದ ಸಣ್ಣ ತೂತು ಮಾಡಿ, ಸ್ಟೇಪ್ಲರ್ ಪಿನ್ ನೆಟ್ಟಗೆ ಮಾಡಿ ಒಳಗೆ ಕೂರಿಸಿ, ಆಮೇಲೆ ಒಂದೇ ಒಂದು ಹನಿ ಫೆವಿಕ್ವಿಕ್. ದೊಡ್ಡ ಜೋಡಣೆಗೆ ಮಾತ್ರ ಪ್ಲಾಸ್ಟಿಕ್ ಸಿಮೆಂಟು ಬೇಕು, ಅದು ಎರಡೂ ಮೈ ಕರಗಿಸಿ ಬೆಸುಗೆ ಹಾಕಿದಂಗೆ ಸೇರಿಸುತ್ತೆ, ಆನ್‌ಲೈನಲ್ಲಿ ಟಾಮಿಯಾ ಕಂಪನಿದು ಸಿಗುತ್ತೆ. ಬಗ್ಗಿದ ಭಾಗ ಇದ್ರೆ ಕುದಿಯೋಕೆ ಮುಂಚೆ ಇಳಿಸಿದ ನೀರಲ್ಲಿ ಕೆಲವು ಸೆಕೆಂಡ್ ಹಿಡಿದು, ಬೆರಳಲ್ಲಿ ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕ್ರಿ.

ಹಳೇ ಪುಟ್ಟಿ, ಅಂದ್ರೆ ಸಂದಿ ತುಂಬೋಕೆ ಹಚ್ಚಿದ ಪೇಸ್ಟು, ಒಣಗಿ ಕುಗ್ಗಿರುತ್ತೆ. ಎದ್ದಿರೋದನ್ನಷ್ಟೇ ಕೆರೆದು ತೆಗೀರಿ, ಗಟ್ಟಿ ಇರೋದು ಇರಲಿ. ಸಣ್ಣ ಬಿರುಕಿಗೆ ಫೆವಿಕ್ವಿಕ್ ಬಿಟ್ಟು ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದ್ರೆ ತಕ್ಷಣ ಕಲ್ಲಾಗುತ್ತೆ, ಹೊಗೆ ಬರುತ್ತೆ, ಮುಖ ದೂರ ಇಟ್ಕೊಳ್ರಿ. ಆಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಮರಳು ಕಾಗದ), 400 ನಂಬರಿಂದ ಶುರು ಮಾಡಿ 600, 1000. ಕಣ್ಣನ್ನ ನಂಬಬೇಡ್ರಿ, ಉಗುರು ಎಳೆದು ನೋಡ್ರಿ. ಉಗುರು ಎಲ್ಲಿ ತಡೀತೋ ಅಲ್ಲಿ ಇನ್ನೂ ಕೆಲಸ ಇದೆ.

ಕ್ರೋಮ್ ಭಾಗಗಳನ್ನ ಡೆಟಾಲಿಗೆ ಹಾಕದೆ ಸುಮ್ಮನೆ ಸೋಪು ನೀರಲ್ಲಿ ತೊಳೀರಿ, ಅಂಚಲ್ಲಿ ಸವೆದಿದ್ರೆ ಸವೆದಂಗೇ ಚೆಂದ. ಪೂರ್ತಿ ಹೋಗಿದ್ರೆ ಮಾತ್ರ ಬ್ಲೀಚಲ್ಲಿ ನೆನೆಸಿ ತೆಗೆದು ಹೊಸ ಬಣ್ಣ ಹಾಕ್ರಿ. ಬ್ಲೀಚನ್ನ ಡೆಟಾಲ್ ಜೊತೆ, ಆಸಿಡ್ ಜೊತೆ ಯಾವತ್ತೂ ಸೇರಿಸಬಾರದು, ವಿಷ ಆಗುತ್ತೆ.

ಬಣ್ಣ ಹಾಕೋದು

ನಮ್ಮ ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಸ್ಪ್ರೇ ಮಾಡಿದ್ರೆ ಬಣ್ಣ ಗಾಳೀಲೇ ಒಣಗಿ ಮೈ ಮೇಲೆ ರವೆ ಥರ ಕೂರುತ್ತೆ, ಮಳೆ ಬಂದ ದಿನ ಮಾಡಿದ್ರೆ ಬಿಳಿಚಿಕೊಳ್ಳುತ್ತೆ. ಒಣ ಹವೆ ಇರೋ ದಿನ ಬೆಳಿಗ್ಗೆ ಏಳೂವರೆ ಎಂಟಕ್ಕೆ, ಗಾಳಿ ಏಳೋಕೆ ಮುಂಚೆ ಮಾಡ್ರಿ, ಮಾಸ್ಕ್ ಹಾಕ್ಕೊಳ್ರಿ. ಕಾರು ಬೈಕಿಗೆ ಹಾಕೋ ಪ್ರೈಮರ್ ದಪ್ಪಗೆ ಬಿದ್ರೆ ಪ್ಲಾಸ್ಟಿಕ್ಕನ್ನ ಕಚ್ಚುತ್ತೆ, ಹಂಗಾಗಿ 20-25 ಸೆಂ.ಮೀ. ದೂರದಿಂದ ಮಂಜು ಬಿದ್ದಂಗೆ ತೆಳ್ಳಗೆ ಎರಡು ಮೂರು ಸಲ. ಪ್ರೈಮರ್ ಒಣಗಿದ ಮೇಲೆ ಮುಚ್ಚಿಹೋಗಿದೆ ಅಂದ್ಕೊಂಡಿದ್ದ ಗೀರೆಲ್ಲ ಎದ್ದು ಕಾಣುತ್ತೆ, ಬೇಜಾರಾಗಬೇಡ್ರಿ, ಅದಕ್ಕೇ ಪ್ರೈಮರ್ ಇರೋದು, ಮತ್ತೆ ಪುಟ್ಟಿ, ಮತ್ತೆ ಪೇಪರು. ನಾನು ಹಿಂಗೆ ಮೂರು ಸಲ ಮಾಡಿದೀನಿ. ಮೇಲಿನ ಬಣ್ಣಕ್ಕೆ ಬಾಗಿಲ ಒಳಗಡೆ ಉಳಿದಿದ್ದ ಹಳೇ ಮರೂನ್ ಚೂರಿಗೆ ಮ್ಯಾಚ್ ಮಾಡ್ಸಿದೆ.

ಮಬ್ಬಾದ ಗಾಜಿಗೆ 2000 ನಂಬರ್ ಪೇಪರು, ಆಮೇಲೆ ರಬ್ಬಿಂಗ್ ಕಾಂಪೌಂಡ್. ಕೂರಿಸೋಕೆ ಫೆವಿಕ್ವಿಕ್ ಬೇಡ, ಅದರ ಹೊಗೆಗೆ ಗಾಜು ಬೆಳ್ಳಗಾಗುತ್ತೆ, ಬಿಳೀ ಫೆವಿಕಾಲ್ ಹಚ್ರಿ, ಒಣಗಿದ್ರೆ ಕಾಣೋದೇ ಇಲ್ಲ.

ಕೊನೇಗೆ ಇಡೋ ಜಾಗ. ಬಿಸಿಲು ಬೀಳೋ ಕಿಟಕಿ ಹತ್ರ ಬೇಡ, ನಿಲ್ಲಿಸಿದ ಕಾರೊಳಗಂತೂ ಬೇಡವೇ ಬೇಡ. ನಮ್ಮ ಕಡೆ ಮಂಡಕ್ಕಿ ಭಟ್ಟಿ ಹೊಗೆ, ರೋಡ್ ಧೂಳು ಎರಡೂ ಇರೋದ್ರಿಂದ ಗಾಜಿನ ಬಾಗಿಲಿರೋ ಶೋಕೇಸಲ್ಲೇ ಇಡ್ರಿ, ಧೂಳು ಕೂತ್ರೆ ಬಟ್ಟೇಲಿ ಒರೆಸದೆ ಮೆತ್ತನೆ ಮೇಕಪ್ ಬ್ರಶ್ಶಲ್ಲಿ ತಟ್ರಿ. ಉಳಿದ ಚೂರುಪಾರು ಒಂದು ಡಬ್ಬೀಲಿ ಹಾಕಿ ಅದರ ಪಕ್ಕದಲ್ಲೇ ಇಟ್ಟಿರ್ರಿ, ಒಂದು ಹೆಡ್‌ಲೈಟ್ ಕಳ್ಕೊಂಡ್ರೆ ಹುಡುಕೋಕೆ ತಿಂಗಳು ಹಿಡಿಯುತ್ತೆ.