ಅಳತೆಗಾಜು ಬದಲಾದ ವರ್ಷ

ಮೂಡಿಗೆರೆ ಸೀಮೆಯ ಕಾಫಿ ಬೆಳೆಗಾರರಾದ ನಾವು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿಯೇ ಹೇಳುತ್ತೇವೆ. ಒಂದು ಇಂಚಿನ ನೂರನೆಯ ಒಂದು ಪಾಲು ನಮಗೆ ಒಂದು ಸೆಂಟು. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನದಾದ್ದರಿಂದ, 25.4 ಮಿಲಿಮೀಟರಿಗೆ ಒಂದು ಇಂಚಿನಂತೆ ಎರಡನ್ನೂ ನಮ್ಮ ಮಳೆಪುಸ್ತಕದಲ್ಲಿ ಅಕ್ಕಪಕ್ಕ ಬರೆದಿಡುವ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೇನೆ.

ಫೆಬ್ರುವರಿ, ಮಾರ್ಚ್ ತಿಂಗಳ ಹೂಮಳೆಯಲ್ಲಿ ಈ ಅಂಕಿಗೆ ಬಹಳ ಬೆಲೆಯಿದೆ. ರೋಬಸ್ಟಾ ಗಿಡಕ್ಕೆ ಒಂದು ಇಂಚಿನಷ್ಟು ಮಳೆ ಒಮ್ಮೆಗೇ ಸಿಕ್ಕರೆ ಎಂಟು ಹತ್ತು ದಿನಗಳಲ್ಲಿ ಹೂ ಅರಳುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಪೂರ್ತಿ ಬಿಡಿಸಿಕೊಳ್ಳದೆ ಕೆಡುವುದರಿಂದ, ಕಡಿಮೆಯಾದಷ್ಟನ್ನು ತಡಮಾಡದೆ ಸ್ಪ್ರಿಂಕ್ಲರ್‌ನಿಂದ ತುಂಬಿಸಬೇಕಾಗುತ್ತದೆ.

ಒಂದು ವರ್ಷ ಮಳೆಮಾಪಕದಲ್ಲಿ ಕೂಡಿದ ನೀರನ್ನು ಸುರಿದು ಅಳೆಯುವ ಹಳೆಯ ಅಳತೆಗಾಜು ತೊಳೆಯುವಾಗ ಒಡೆಯಿತು. ಪೇಟೆಯಿಂದ ಹೊಸದೊಂದನ್ನು ತಂದೆ. ಗೆರೆಗಳು ಸ್ಪಷ್ಟವಾಗಿದ್ದವು, ಬೇರೇನನ್ನೂ ನೋಡಲಿಲ್ಲ. ಮಾರ್ಚಿನ ಮೊದಲ ಮಳೆಗೆ ಚರಂಡಿಗಳೆಲ್ಲ ತುಂಬಿ ಹರಿದಿದ್ದರೂ ಗಾಜು ತೋರಿಸಿದ್ದು 16 ಮಿಲಿಮೀಟರ್, ಅಂದರೆ 63 ಸೆಂಟು ಮಾತ್ರ. ಪಕ್ಕದ ತೋಟದ ಹಿರಿಯರು ಫೋನಿನಲ್ಲಿ, "ನಮ್ಮಲ್ಲಿ ಸರಿಯಾಗಿ ಒಂದು ಇಂಚು ಆಗಿದೆ ಕಣಯ್ಯಾ" ಎಂದರು. ಬೇಸಿಗೆಯ ಮಳೆ ತೋಟದಿಂದ ತೋಟಕ್ಕೆ ಬೇರೆಯಾಗುವುದು ಮಾಮೂಲು ಎಂದುಕೊಂಡು ಆ ರಾತ್ರಿಯೇ ಎಂಜಿನ್ ಹಾಕಿಸಿದೆ. ಕೆರೆಯ ನೀರೂ ಡೀಸೆಲ್ಲೂ ಅನಾವಶ್ಯಕವಾಗಿ ಖರ್ಚಾದವು. ಎರಡನೆಯ ಮಳೆಯಲ್ಲಿಯೂ ನಮ್ಮಿಬ್ಬರ ಅಂಕಿಗಳ ನಡುವೆ ಅದೇ ಪ್ರಮಾಣದ ಅಂತರ ಕಂಡಾಗ ಅನುಮಾನ ಹುಟ್ಟಿತು.

ಮಳೆಯ ಅಳತೆ ನೀರಿನ ಎತ್ತರದ್ದು, ಪ್ರಮಾಣದ್ದಲ್ಲ. ಬಿದ್ದ ನೀರು ಇಂಗದೆ, ಹರಿಯದೆ ನೆಲದ ಮೇಲೆ ನಿಂತಿದ್ದರೆ ಎಷ್ಟು ಎತ್ತರವಿರುತ್ತಿತ್ತು ಎಂಬುದೇ ಆ ಅಂಕಿ. ಆದ್ದರಿಂದ ಮಾಪಕದ ಬಾಯಿಯ ವಿಸ್ತೀರ್ಣಕ್ಕೂ ಗಾಜಿನ ಗೆರೆಗೂ ಹೊಂದಿಕೆಯಿರಲೇಬೇಕು. ನಮ್ಮದು 127 ಮಿಲಿಮೀಟರ್, ಅಂದರೆ ಐದು ಇಂಚು ವ್ಯಾಸದ ಹಳೆಯ ಮಾಪಕ. ಬಾಯಿಯ ವಿಸ್ತೀರ್ಣ 126.7 ಚದರ ಸೆಂಟಿಮೀಟರ್. ಹೊಸ ಗಾಜನ್ನು ಬೆಳಕಿಗೆ ಹಿಡಿದು ನೋಡಿದಾಗ ತಳದ ಬಳಿ 200 ಚದರ ಸೆಂಟಿಮೀಟರ್ ಎಂದು ಸಣ್ಣಗೆ ಅಚ್ಚಾಗಿತ್ತು, ಅಂದರೆ ಅದು ಅಷ್ಟು ದೊಡ್ಡ ಬಾಯಿಯ ಮಾಪಕಕ್ಕೆ ಮಾಡಿದ ಗಾಜು. ಅಡುಗೆಮನೆಯ ತಕ್ಕಡಿಯಲ್ಲಿ 200 ಗ್ರಾಂ ನೀರು ತೂಗಿ ಸುರಿದೆ. ನೀರು 10 ಮಿಲಿಮೀಟರಿನ ಗೆರೆಗೆ ಬಂದು ನಿಂತಿತು. ನಮ್ಮ ಮಾಪಕಕ್ಕೆ ಹೊಂದುವ ಗಾಜಾಗಿದ್ದರೆ 127 ಗ್ರಾಂ ನೀರಿಗೇ ಆ ಗೆರೆ ಮುಟ್ಟಬೇಕಿತ್ತು. ಅಲ್ಲಿಯವರೆಗೆ ಹೊಸ ಗಾಜಿನಲ್ಲಿ ಅಳೆದು ಬರೆದಿದ್ದ ಅಂಕಿಗಳನ್ನೆಲ್ಲ 1.58ರಿಂದ ಗುಣಿಸಿ, ಹಳೆಯದನ್ನು ಅಳಿಸದೆ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಅಳಿಸಿದ್ದರೆ ತಪ್ಪು ಎಲ್ಲಿ ನಡೆಯಿತೆಂಬುದು ಮುಂದೆ ಪುಸ್ತಕ ನೋಡುವವರಿಗೆ ತಿಳಿಯುತ್ತಿರಲಿಲ್ಲ.

ಅಂದಿನಿಂದ ಉಳಿದ ಕ್ರಮಗಳನ್ನೂ ಬಿಗಿ ಮಾಡಿಕೊಂಡೆ. ಮಾಪಕದ ಅಂಚು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಸಮಮಟ್ಟವಾಗಿರಬೇಕು. ಮರವಾಗಲಿ ಗೋಡೆಯಾಗಲಿ ತನ್ನ ಎತ್ತರದ ಎರಡರಷ್ಟಾದರೂ ದೂರವಿರಬೇಕು. ನಮ್ಮ ಸಿಲ್ವರ್ ಓಕ್ ಮರಗಳು ಬೆಳೆದು ಹತ್ತಿರವಾಗಿದ್ದರಿಂದ ಮಾಪಕವನ್ನು ಕಾಫಿ ಒಣಗಿಸುವ ಕಣದ ಪಕ್ಕದ ಬಯಲಿಗೆ ಸ್ಥಳಾಂತರಿಸಿದೆ. ಬೆಳಿಗ್ಗೆ ಎಂಟೂವರೆಗೆ ಓದುವಾಗ ಗಾಜನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಅಂಚಿಗೆ ಏರಿದ ನೀರನ್ನು ಬಿಟ್ಟು ನಡುವಿನ ತಗ್ಗನ್ನೇ ಓದಬೇಕು. ಜುಲೈ ತಿಂಗಳಲ್ಲಿ ಒಂದೇ ದಿನದ ನೀರು ಹಲವು ಗಾಜುಗಳಷ್ಟಾಗುತ್ತದೆ. ಆಗ ನಾನು ಅಳೆದು ಸುರಿಯುತ್ತ ಅಂಕಿಯನ್ನು ಕೂಗುತ್ತೇನೆ, ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಪ್ರತಿಯೊಂದನ್ನೂ ಬರೆದುಕೊಂಡು ಕೊನೆಯಲ್ಲಿ ಕೂಡುತ್ತಾರೆ. ಮನಸ್ಸಿನಲ್ಲಿಯೇ ಎಣಿಸುತ್ತ ಹೋದರೆ ಒಂದು ಗಾಜು ತಪ್ಪಿಹೋಗುವುದು ಸುಲಭ.

ಈಗಿರುವ ಗಾಜು ನಮ್ಮ ಮಾಪಕದ ಅಳತೆಯದೇ. ಪ್ರತಿ ಜನವರಿಯಲ್ಲಿ, ಹೂಮಳೆ ಶುರುವಾಗುವ ಮೊದಲು, 127 ಗ್ರಾಂ ನೀರು ತೂಗಿ ಅದಕ್ಕೆ ಸುರಿದು ನೋಡುತ್ತೇನೆ. ಈ ವರ್ಷವೂ 10ರ ಗೆರೆಗೇ ನಿಂತಿತು.