ಅರೆಮಂಡಿಗೆ ಪಾದ ಎಷ್ಟು ತಿರುಗಬೇಕು? ಸೊಂಟದ ಕೀಲನ್ನು ಕೇಳಿ

ಹಾಸನದಲ್ಲಿ ಮಕ್ಕಳ ಭರತನಾಟ್ಯ ನೋಡಲು ಕೂತರೆ ನನ್ನ ಕಣ್ಣು ಮೊದಲು ಹೋಗುವುದು ಮಂಡಿಗೆ. ಅರೆಮಂಡಿಯಲ್ಲಿ, ಅಂದರೆ ಮಂಡಿ ಬದಿಗೆ ಮಡಚಿ ಅರ್ಧ ಕೂತ ಭಂಗಿಯಲ್ಲಿ, ಪಾದಗಳೇನೋ ಬದಿಗೆ ಚೆನ್ನಾಗಿ ತಿರುಗಿರುತ್ತವೆ, ಮಂಡಿ ಮಾತ್ರ ಒಳಕ್ಕೆ ಬಿದ್ದಿರುತ್ತದೆ. 'ಇನ್ನೂ ತಿರುಗಿಸು' ಅಂದಾಗ ಮಗು ಪಾದವನ್ನು ನೆಲಕ್ಕೊತ್ತಿ ತಿರುಚಿರುತ್ತದೆ. ತಿರುವು ಬರಬೇಕಾದದ್ದು ಸೊಂಟದಿಂದ ಅಲ್ವಾ?

ತೊಡೆಮೂಳೆಯ ಮೇಲ್ತುದಿ ಸ್ವಲ್ಪ ಮುಂದಕ್ಕೆ ತಿರುಚಿಕೊಂಡಿರುತ್ತದೆ. ಹುಟ್ಟಿದಾಗ ಸುಮಾರು 40 ಡಿಗ್ರಿ, ಬೆಳೆದ ಮೇಲೆ ಸುಮಾರು 15. ಕೆಲವರಲ್ಲಿ ಅಷ್ಟು ಇಳಿಯುವುದಿಲ್ಲ. ಅವರ ಕಾಲು ಒಳಕ್ಕೆ ಸಲೀಸಾಗಿ ತಿರುಗುತ್ತದೆ, ಹೊರಕ್ಕೆ ಕಡಿಮೆ. ಇದು ಸೋಮಾರಿತನ ಅಲ್ಲ, ಬೈಯಬೇಡಿ.

ಮೊದಲು ಅಳೆಯಿರಿ. ಚಾಪೆ ಮೇಲೆ ಬೋರಲು ಮಲಗಿಸಿ, ಒಂದು ಮಂಡಿ ಮಡಚಿ, ಅಂಗಾಲು ಸೂರಿನ ಕಡೆ ಇರಲಿ. ಆ ಪಾದವನ್ನು ನಿಧಾನಕ್ಕೆ ಇನ್ನೊಂದು ಕಾಲಿನ ಕಡೆಗೆ ವಾಲಿಸಿ. ಸೊಂಟ ಏಳಲು ಶುರುವಾದ ಕಡೆ ನಿಲ್ಲಿಸಿ. ಮಗುವಿನ ನಿಜವಾದ ಹೊರತಿರುವು ಅಷ್ಟೇ. ಇನ್ನೊಂದು ಕಾಲನ್ನೂ ನೋಡಿ, ಎರಡೂ ಒಂದೇ ಸಮ ಇರಬೇಕೆಂದಿಲ್ಲ.

ಈಗ ಅರೆಮಂಡಿ. ಎಲ್ಲರೂ ಎಡವುವುದು ಇಲ್ಲೇ. ಪಾದದಿಂದ ಶುರು ಮಾಡಬೇಡಿ. ನೇರ ನಿಂತು, ಹಿಮ್ಮಡಿ ಸೇರಿಸಿ, ತೊಡೆಯನ್ನು ಸೊಂಟದಿಂದ ಹೊರಕ್ಕೆ ತಿರುಗಿಸಿ, ಪಾದ ಅದರ ಹಿಂದೆ ಬರಲಿ. ಆಮೇಲೆ ಕೂರಿಸಿ. ದಾರಕ್ಕೆ ಬೀಗದ ಕೈ ಕಟ್ಟಿ ಮಂಡಿಚಿಪ್ಪಿನ ನಡುವಿನಿಂದ ಇಳಿಬಿಡಿ. ಅದು ಎರಡನೇ ಬೆರಳಿನ ನೇರಕ್ಕೆ ಬರಬೇಕು. ಹೆಬ್ಬೆರಳಿನ ಒಳಗಡೆ ಬಿದ್ದರೆ, ಅಥವಾ ಅಂಗಾಲಿನ ಕಮಾನು ನೆಲಕ್ಕೆ ಕುಸಿದರೆ, ಪಾದ ಜಾಸ್ತಿ ತಿರುಗಿದೆ. ಸ್ವಲ್ಪ ಒಳಕ್ಕೆ ತಂದು ಮತ್ತೆ ನೋಡಿ, ಸರಿಯಾಗುವ ತನಕ. ಪೃಷ್ಠ ಹಿಂದಕ್ಕೆ ತಳ್ಳಿದರೂ ಕಾಲು ಜಾಸ್ತಿ ತಿರುಗುತ್ತದೆ, ಆದರೆ ಅದು ಕಳ್ಳದಾರಿ, ನಡುವಿಗೆ ನೋವು ಗ್ಯಾರಂಟಿ. ತಪ್ಪಾಗಿ ಕೂತು ತಟ್ಟಡವು, ಅಂದರೆ ಪಾದದಿಂದ ನೆಲ ತಟ್ಟುವ ಹೆಜ್ಜೆ, ಹಾಕಿದರೆ ಪ್ರತಿ ಹೊಡೆತವೂ ಮಂಡಿಯ ಒಳಬದಿಗೇ ಹೋಗುತ್ತದೆ.

ಕಪ್ಪೆ ಥರ ಮಲಗಿಸಿ ಮೇಲೆ ಒತ್ತುವುದು ಬೇಡವೇ ಬೇಡ. ಆನ್‌ಲೈನ್‌ನಲ್ಲಿ ಸಿಗುವ ತಿರುಗುವ ತಟ್ಟೆಯನ್ನೂ ತರಬೇಡಿ, ಅದು ಪಾದವನ್ನಷ್ಟೇ ತಿರುಗಿಸುತ್ತದೆ. ಬೇಲೂರಿನ ಮದನಿಕೆಯರನ್ನು ತೋರಿಸಿ ಭಂಗಿ ಕಲಿಸಿ, ನಾನೂ ಕಲಿಸುತ್ತೇನೆ, ಆದರೆ ತಿರುವಿನ ಅಳತೆ ಚಾಪೆ ಮೇಲೆ ಸಿಕ್ಕಿದ್ದೇ ಇರಲಿ. ಗ್ರಾನೈಟ್ ನೆಲದ ಮೇಲೆ ದಿನಾ ಅಭ್ಯಾಸ ಬೇಡ, ಮರದ ನೆಲ ಸಿಕ್ಕರೆ ಒಳ್ಳೆಯದು.

ಮಂಡಿಯ ಕೆಳಗಿನ ಮೂಳೆಯಲ್ಲಿ ಒಂದೇ ಜಾಗ ಒತ್ತಿದರೆ ನೋಯುತ್ತಿದೆಯಾ, ರಾತ್ರಿ ಮಲಗಿದಾಗಲೂ ಬಿಡುತ್ತಿಲ್ಲವಾ? ಸುಮ್ನೆ ನೀ ಕ್ಯಾಪ್ ಹಾಕಿಸಿ ಕುಣಿಸಬೇಡಿ. ಅಂದೇ ಅಡವು ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು, ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. ಏನೂ ಇಲ್ಲ ಅಂತ ಬಂದ ಮೇಲೂ ನೋವು ನಿಲ್ಲದಿದ್ದರೆ ಮತ್ತೆ ಹೋಗಿ.